ಜೆನ್ನಿ ಎರ್ಪೆನ್‌ಬೆಕ್ ಯಾರು? ಅವರ ಯಾವ ಕಾದಂಬರಿಯಿಂದ ಓದು ಶುರು ಮಾಡಬಹುದು?

2024ರಲ್ಲಿ 'ಕೈರೋಸ್' ಕಾದಂಬರಿಗೆ ಅಂತರರಾಷ್ಟ್ರೀಯ ಬೂಕರ್ ಪಡೆದ ಜರ್ಮನ್ ಲೇಖಕಿ ಇವರು. ಬಹುಮಾನದ ಹಣವನ್ನು ಅನುವಾದಕ ಮೈಕಲ್ ಹಾಫ್‌ಮನ್ ಜೊತೆ ಸಮವಾಗಿ ಹಂಚಿಕೊಂಡರು. ಮರುವರ್ಷವೇ ಅದೇ ಪ್ರಶಸ್ತಿ ನಮ್ಮ ಬಾನು ಮುಷ್ತಾಕ್, ದೀಪಾ ಭಾಸ್ತಿ ಅವರಿಗೆ ಬಂತು. ಹಾಗಾಗಿ ಕನ್ನಡದವರಿಗೆ ಈ ಪ್ರಶಸ್ತಿಯ ಹೆಸರು ಪೂರ್ತಿ ಹೊಸದೇನಲ್ಲ.

ಎರ್ಪೆನ್‌ಬೆಕ್ ಹುಟ್ಟಿದ್ದು 1967ರಲ್ಲಿ, ಪೂರ್ವ ಬರ್ಲಿನ್‌ನಲ್ಲಿ. ಅಜ್ಜ, ಅಜ್ಜಿ ಇಬ್ಬರೂ ಲೇಖಕರು. ತಾಯಿ ಅರಬ್ಬಿಯಿಂದ ಅನುವಾದ ಮಾಡುತ್ತಿದ್ದರು. ಇಂಥ ಮನೆಯ ಹುಡುಗಿ ಮೊದಲು ಕಲಿತದ್ದು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ! ಆಮೇಲೆ ನಾಟಕ ಓದಿ, ಒಪೆರಾ ನಿರ್ದೇಶಿಸಿದರು. ಮೊದಲ ಪುಸ್ತಕ ಬಂದದ್ದು 1999ರಲ್ಲಿ.

ಅವರಿಗೆ 22 ವರ್ಷವಿದ್ದಾಗ ಬರ್ಲಿನ್ ಗೋಡೆ ಬಿತ್ತು. ಮುಂದಿನ ವರ್ಷ ಅವರು ಬೆಳೆದ ಪೂರ್ವ ಜರ್ಮನಿ ಎಂಬ ದೇಶವೇ ಇಲ್ಲವಾಯಿತು. ಅವರ ಬರವಣಿಗೆಯ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. 'ಕೈರೋಸ್'ನಲ್ಲಿ 19ರ ಕತರೀನಾಗೂ ಐವತ್ತು ದಾಟಿದ, ಮದುವೆಯಾದ ಲೇಖಕ ಹಾನ್ಸ್‌ಗೂ ಪ್ರೀತಿಯಾಗುತ್ತದೆ. ಬರುಬರುತ್ತಾ ಅದು ಹಿಂಸೆಯಾಗುತ್ತದೆ. ಅವಳ ತಪ್ಪುಗಳನ್ನು ಅವನು ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿ ಕೊಡುತ್ತಾನೆ. ಅವಳು ಅದನ್ನು ಕೇಳಿ ಉತ್ತರ ಬರೆಯಬೇಕು. ಓದುವಾಗ ಉಸಿರು ಕಟ್ಟುತ್ತದೆ, ನಿಜ. ಹೊರಗೆ ದೇಶವೂ ಕುಸಿಯುತ್ತಿರುತ್ತದೆ.

ಶುರು ಮಾಡೋಕೆ ಮಾತ್ರ ನಾನು 'ಗೋ, ವೆಂಟ್, ಗಾನ್' ಅನ್ನೇ ಹೇಳುತ್ತೇನೆ. ನಿವೃತ್ತ ಪ್ರೊಫೆಸರ್ ಒಬ್ಬ ಬರ್ಲಿನ್‌ಗೆ ಬಂದ ಆಫ್ರಿಕಾದ ನಿರಾಶ್ರಿತರ ಸ್ನೇಹ ಬೆಳೆಸುವ ಕಥೆ, ಓದೋಕೂ ಸುಲಭ. 'ವಿಸಿಟೇಶನ್' ಚಿಕ್ಕದು, ಆದರೆ ನಿಧಾನ ಜಾಸ್ತಿ. ಅದರಲ್ಲಿ ಕೆರೆ ದಡದ ಒಂದು ಮನೆಯೇ ಮುಖ್ಯ ಪಾತ್ರ, ಜನ ಬರುತ್ತಾರೆ, ಹೋಗುತ್ತಾರೆ. ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ.