ಹಳೆಯ ಗೇಮ್ ಬಾಯ್ ಆಟವನ್ನು ಈಗ ಆಡಬೇಕೆಂದರೆ ಯಾವ ಆಟ, ಯಾವ ಯಂತ್ರ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕೈಯಲ್ಲಿ ಹಿಡಿದು ಆಡುವ ಹಳೆಯ ವಿಡಿಯೋ ಗೇಮ್‌ಗಳನ್ನು ನೀವು ಈವರೆಗೆ ಮುಟ್ಟಿಲ್ಲ. ಒಂದು ಒಳ್ಳೆಯ ಆಟ, ಅದಕ್ಕೆ ತಕ್ಕ ಒಂದು ಯಂತ್ರ ಬೇಕು. ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಯಂತ್ರವನ್ನೇ ಸೆಕೆಂಡ್‌ಹ್ಯಾಂಡ್ ಕೊಳ್ಳಬೇಕೋ, ಎಮ್ಯುಲೇಟರ್ (ಹಳೆಯ ಯಂತ್ರವನ್ನು ಅನುಕರಿಸಿ ಅದರ ಆಟ ಆಡಿಸುವ ತಂತ್ರಾಂಶ) ಇರುವ ಹೊಸ ಸಾಧನ ಸಾಕೋ ಎಂಬ ಗೊಂದಲವೂ ಇದೆ.

ಒಂದೇ ಜೋಡಿ ಹೇಳಿ ಎಂದರೆ ನನ್ನ ಆಯ್ಕೆ: ಆಟ 1998ರ 'ಲೆಜೆಂಡ್ ಆಫ್ ಜೆಲ್ಡಾ: ಲಿಂಕ್ಸ್ ಅವೇಕನಿಂಗ್ ಡಿಎಕ್ಸ್', ಯಂತ್ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ, ಅದರಲ್ಲೂ ಎಜಿಎಸ್-101 ಮಾದರಿ.

ಹೆಚ್ಚಿನವರು ಯಂತ್ರ ಕೊಂಡ ಮೇಲೆ ಆಟ ಹುಡುಕುತ್ತಾರೆ. ಅದು ತಲೆಕೆಳಗಾದ ಕ್ರಮ. ಈ ಯಂತ್ರಗಳ ಸ್ಕ್ರೀನ್‌ಗಳು ಒಂದರಂತೆ ಒಂದಿಲ್ಲ, ಒಂದರಲ್ಲಿ ಸೊಗಸಾಗಿ ಕಾಣುವ ಆಟ ಇನ್ನೊಂದರಲ್ಲಿ ಕಾಣಿಸುವುದೇ ಇಲ್ಲ. 1989ರ ಮೊದಲ ಗೇಮ್ ಬಾಯ್‌ನ ಸ್ಕ್ರೀನ್‌ಗೆ ಬೆಳಕಿಲ್ಲ, ನಾಲ್ಕೇ ಛಾಯೆಗಳು, ವೇಗವಾಗಿ ಓಡುವ ವಸ್ತುಗಳು ಬಾಲ ಬಿಟ್ಟಂತೆ ಮಸುಕಾಗುತ್ತವೆ. ಟೆಟ್ರಿಸ್‌ಗೆ ಅದರಿಂದ ಏನೂ ತೊಂದರೆಯಿಲ್ಲ. ಆದರೆ 2001ರ 'ಕ್ಯಾಸಲ್‌ವೇನಿಯಾ: ಸರ್ಕಲ್ ಆಫ್ ದಿ ಮೂನ್' ಆಟವನ್ನು ಅದೇ ವರ್ಷದ, ಬೆಳಕಿಲ್ಲದ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಆಡಿದರೆ ಕಪ್ಪು ಕೋಟೆಯೊಳಗೆ ಕಪ್ಪು ವೈರಿಗಳನ್ನು ಹುಡುಕುವುದೇ ಆಟವಾಗುತ್ತದೆ. ಬೆಳಕಿರುವ ಸ್ಕ್ರೀನ್‌ನಲ್ಲಿ ಅದೇ ಆಟ ಬೇರೆಯದೇ ಅನ್ನಿಸುತ್ತದೆ.

ಆಟ ಆರಿಸುವಾಗ ಅದು ಸೇವ್ ಆಗುತ್ತದೋ ಇಲ್ಲವೋ, ಅಂದರೆ ಆಡಿದಷ್ಟು ಉಳಿದು ಮುಂದೆ ಅಲ್ಲಿಂದಲೇ ಆಡಬಹುದೋ ನೋಡಿ. ಟೆಟ್ರಿಸ್, ಸೂಪರ್ ಮಾರಿಯೋ ಲ್ಯಾಂಡ್ (ಎರಡೂ 1989) ಸೇವ್ ಆಗುವುದಿಲ್ಲ. ಆಫ್ ಮಾಡಿದರೆ ಮುಗಿಯಿತು, ಮತ್ತೆ ಮೊದಲಿಂದ. ಐದು ಹತ್ತು ನಿಮಿಷ ಸಿಕ್ಕಾಗ ಆಡುವವರಿಗೆ ಇದೇ ಸರಿ, ಕಾರ್ಟ್ರಿಜ್‌ನೊಳಗೆ (ಯಂತ್ರಕ್ಕೆ ಸಿಕ್ಕಿಸುವ, ಆಟ ಇರುವ ಪುಟ್ಟ ಡಬ್ಬಿ) ಸಾಯುವ ಬ್ಯಾಟರಿಯೂ ಇರುವುದಿಲ್ಲ. ಕಥೆ ಇರುವ, ವಾರಗಟ್ಟಲೆ ಆಡುವ ಆಟ ಬೇಕೆಂದರೆ ಲಿಂಕ್ಸ್ ಅವೇಕನಿಂಗ್. ಅದರಲ್ಲಿ ಓದುವುದು ಸಾಕಷ್ಟಿದೆ. ಗೇಮ್ ಬಾಯ್ ಆಟಗಳಿಗೆ ಪ್ರದೇಶದ ಬೀಗ ಇಲ್ಲವಾದ್ದರಿಂದ ಜಪಾನಿನ ಕಾರ್ಟ್ರಿಜ್ ಕೂಡ ಎಲ್ಲೆಡೆ ಓಡುತ್ತದೆ, ಆದರೆ ಮಾತುಗಳೆಲ್ಲ ಜಪಾನಿ ಭಾಷೆಯಲ್ಲೇ ಇರುತ್ತವೆ. ಟೆಟ್ರಿಸ್‌ಗೆ ಪರವಾಗಿಲ್ಲ, ಜೆಲ್ಡಾಗೆ ಆಗದು. ಯುದ್ಧತಂತ್ರ ಇಷ್ಟವಾದರೆ ಅಡ್ವಾನ್ಸ್ ವಾರ್ಸ್ (2001), ಓಡಿ ಹಾರಿ ಗುಂಡು ಹಾರಿಸುವುದಾದರೆ ಮೆಟ್ರಾಯ್ಡ್: ಝೀರೋ ಮಿಷನ್ (2004).

ಇನ್ನು ಯಂತ್ರ. ಹಳೆಯ ಗೇಮ್ ಬಾಯ್, ಗೇಮ್ ಬಾಯ್ ಕಲರ್, ಅಡ್ವಾನ್ಸ್ ಮೂರೂ ಪೀಳಿಗೆಯ ಕಾರ್ಟ್ರಿಜ್ ಎಸ್‌ಪಿಗೆ ಹೊಂದುತ್ತದೆ. ಮಡಚಿದರೆ ಸ್ಕ್ರೀನ್ ಒಳಗೆ ಸೇರುವುದರಿಂದ ಗೀರು ಬೀಳುವುದು ಕಡಿಮೆ. ನಿಂಟೆಂಡೊದ ಮುಂದಿನ ಪೀಳಿಗೆಯ ಡಿಎಸ್ ಲೈಟ್‌ನ ಸ್ಕ್ರೀನ್ ಚೆನ್ನಾಗಿದೆ, ಆದರೆ ಗೇಮ್ ಬಾಯ್ ಸರಣಿಯಲ್ಲಿ ಅದು ಅಡ್ವಾನ್ಸ್ ಆಟಗಳನ್ನು ಮಾತ್ರ ಆಡಿಸುತ್ತದೆ. ಹಳೆಯ ಗೇಮ್ ಬಾಯ್ ಆಟವೂ ಇಲ್ಲ, ಎರಡು ಯಂತ್ರಗಳನ್ನು ಜೋಡಿಸುವ ಲಿಂಕ್ ಕೇಬಲ್ಲೂ ಇಲ್ಲ. ಗೇಮ್ ಬಾಯ್ ಮೈಕ್ರೋ ಕೂಡ ಅಡ್ವಾನ್ಸ್ ಆಟಗಳಿಗೆ ಮಾತ್ರ. ಸೆಗಾ ಗೇಮ್ ಗಿಯರ್ ಕಡೆ ಹೊಸಬರು ನೋಡದಿರುವುದೇ ಲೇಸು: ಆರು ಎಎ ಸೆಲ್ ನುಂಗಿ ಕೆಲವೇ ಗಂಟೆ ನಡೆಯುತ್ತದೆ, ಒಳಗಿನ ಕೆಪ್ಯಾಸಿಟರ್‌ಗಳು ಸೋರಿರದ ಗೇಮ್ ಗಿಯರ್ ಸಿಗುವುದೇ ಅಪರೂಪ.

ಎಸ್‌ಪಿಯಲ್ಲಿ ಎರಡು ಬಗೆ. 2003ರ ಎಜಿಎಸ್-001ರಲ್ಲಿ ಬೆಳಕು ಸ್ಕ್ರೀನ್‌ನ ಮುಂಭಾಗದಿಂದ ಬೀಳುತ್ತದೆ, ಬಣ್ಣ ಪೇಲವವಾಗಿ ಕಾಣುತ್ತದೆ. ಆಮೇಲೆ ಬಂದ 101ರಲ್ಲಿ ಬೆಳಕು ಹಿಂದಿನಿಂದ ಬರುತ್ತದೆ. ಮಾದರಿ ಸಂಖ್ಯೆ ಹಿಂಬದಿಯ ಸ್ಟಿಕ್ಕರ್‌ನಲ್ಲಿ ಇರುತ್ತದೆ ನಿಜ, ಆದರೆ ಹೊರಕವಚ ಬದಲಿಸಿ ಮಾರುವವರು ಬಹಳ, ಸ್ಟಿಕ್ಕರ್ ನಂಬಬೇಡಿ. ಸ್ಕ್ರೀನ್ ಕೆಳಗಿರುವ ಬೆಳಕಿನ ಗುಂಡಿ ಒತ್ತಿ. ಬೆಳಕು ಪೂರ್ತಿ ಆರಿದರೆ ಅದು 001. ಆರದೆ, ಕಡಿಮೆ ಮತ್ತು ಹೆಚ್ಚು ಎಂಬ ಎರಡು ಹಂತಗಳ ನಡುವೆ ಬದಲಾದರೆ 101. ಮಾರುವವರಿಂದ ಈ ಗುಂಡಿ ಒತ್ತುವ ವಿಡಿಯೋ ಕೇಳಿ ಪಡೆಯುವುದು ಒಳ್ಳೆಯದು.

ಅದೇ ವಿಡಿಯೋದಲ್ಲಿ ಇನ್ನೂ ಕೆಲವು ನೋಡಿಕೊಳ್ಳಿ. ಮುಚ್ಚಳವನ್ನು ನಿಧಾನವಾಗಿ ತೆರೆದು ಮುಚ್ಚುವಾಗ ಚಿತ್ರ ಮಿನುಗಿದರೆ ಕೀಲಿನೊಳಗಿನ ಪಟ್ಟಿ ಕೇಬಲ್ ಸವೆದಿದೆ ಎಂದರ್ಥ. ಎಲ್, ಆರ್ ಭುಜದ ಗುಂಡಿಗಳು ಮೊದಲು ಕೈಕೊಡುವ ಭಾಗ. ಹಿಂದಿನ ಬ್ಯಾಟರಿ ಮುಚ್ಚಳ ಉಬ್ಬಿದ್ದರೆ ಬ್ಯಾಟರಿ ಊದಿದೆ, ಅದನ್ನು ಚಾರ್ಜ್‌ಗೆ ಹಾಕದೆ ತೆಗೆದು ಹೊಸದು ಹಾಕಬೇಕು. ಚಾರ್ಜ್ ಆಗುವಾಗ ಕಿತ್ತಳೆ ದೀಪ ಉರಿದು, ತುಂಬಿದ ಮೇಲೆ ಆರಬೇಕು. ಎಸ್‌ಪಿ ಮತ್ತು ಮೊದಲ ಡಿಎಸ್‌ಗೆ ಒಂದೇ ಚಾರ್ಜರ್, ಡಿಎಸ್ ಲೈಟ್‌ನದು ಬೇರೆ. ಎಸ್‌ಪಿಯಲ್ಲಿ ಮಾಮೂಲಿ ಹೆಡ್‌ಫೋನ್ ತೂತು ಇಲ್ಲ, ಅಡಾಪ್ಟರ್ ಬೇಕು. ಈ ಒಂದು ವಿಷಯದಲ್ಲಿ ನಿಂಟೆಂಡೊವನ್ನು ಇವತ್ತಿಗೂ ಕ್ಷಮಿಸಲು ಮನಸ್ಸಾಗುವುದಿಲ್ಲ.

ಸೆಲ್ ಹಾಕುವ ಮಾದರಿ ಕೊಂಡರೆ (ಕಲರ್ ಅಥವಾ ಮೊದಲ ಅಡ್ವಾನ್ಸ್, ಎರಡಕ್ಕೂ ಎರಡು ಎಎ) ರೀಚಾರ್ಜ್ ಆಗುವ 1.2 ವೋಲ್ಟ್‌ನ ಸೆಲ್ ಧಾರಾಳವಾಗಿ ಹಾಕಬಹುದು. ನೋಡಲು ಅದೇ ಗಾತ್ರದ 3.7 ವೋಲ್ಟ್‌ನ ಲಿಥಿಯಂ ಸೆಲ್ ಮಾತ್ರ ಹಾಕಬೇಡಿ, ಯಂತ್ರ ಸುಟ್ಟುಹೋದೀತು. ಹೊಸ ಸೆಲ್ ಹಾಕಿದರೂ ಕೆಂಪು ದೀಪ ಮಂಕಾಗಿ ಯಂತ್ರ ಆಗಾಗ ಆಫ್ ಆಗುತ್ತಿದ್ದರೆ ಸೆಲ್‌ನ ತಪ್ಪಲ್ಲ, ಆನ್-ಆಫ್ ಸ್ವಿಚ್ ಒಳಗೆ ಕಿಲುಬು. ಸೆಲ್ ತೆಗೆದು, ಸ್ವಿಚ್ ಸಂದಿಗೆ ಎರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಇಪ್ಪತ್ತು ಮೂವತ್ತು ಸಲ ಅತ್ತಿತ್ತ ಆಡಿಸಿ, ಪೂರ್ತಿ ಆರಲು ಬಿಡಿ. ಬಹಳಷ್ಟು ಸಲ ಇಷ್ಟರಲ್ಲೇ ಸರಿಹೋಗುತ್ತದೆ.

ಹಳೆಯ ಗೇಮ್ ಬಾಯ್ ಆನ್ ಮಾಡಿದಾಗ ಮೇಲಿಂದ ನಿಂಟೆಂಡೊ ಹೆಸರು ಇಳಿದು ಬರುತ್ತದಲ್ಲ, ಅದು ಬರೀ ಅಲಂಕಾರ ಅಲ್ಲ. ಆ ಹೆಸರಿನ ಚಿತ್ರ 48 ಬೈಟ್‌ಗಳಲ್ಲಿ ಕಾರ್ಟ್ರಿಜ್ ಒಳಗೇ ಇರುತ್ತದೆ. ಯಂತ್ರ ಅದನ್ನು ಓದಿ ತೋರಿಸಿ, ತನ್ನೊಳಗಿನ ಪ್ರತಿಯ ಜೊತೆ ತಾಳೆ ನೋಡುತ್ತದೆ. ಒಂದು ಪಿನ್‌ನಲ್ಲಿ ಕೊಳೆ ಕೂತರೂ ತಾಳೆಯಾಗದೆ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಹೆಸರಿನ ಬದಲು ಕಪ್ಪು ಪಟ್ಟಿಯೋ ಚೆಲ್ಲಾಪಿಲ್ಲಿ ಚುಕ್ಕೆಗಳೋ ಇಳಿದು ಬಂದರೆ ಆಟ ಕೆಟ್ಟಿದೆ ಎಂದುಕೊಳ್ಳಬೇಡಿ, ಯಂತ್ರಕ್ಕೆ ಕಾರ್ಟ್ರಿಜ್ ಓದಲಾಗುತ್ತಿಲ್ಲ ಅಷ್ಟೆ. ಹತ್ತಿಕಡ್ಡಿಗೆ 90 ಶೇಕಡಾ ಮೇಲಿನ ಐಸೋಪ್ರೊಪೈಲ್ ಹಚ್ಚಿ ಕಾರ್ಟ್ರಿಜ್‌ನ ಚಿನ್ನದ ಬಣ್ಣದ ಪಿನ್‌ಗಳನ್ನು ಉದ್ದುದ್ದಕ್ಕೆ ಉಜ್ಜಿ, ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ. ಬಾಯಿಂದ ಊದಬೇಡಿ, ಉಗುಳಿನ ತೇವದಿಂದ ಪಿನ್ ಇನ್ನಷ್ಟು ಕಿಲುಬು ಹಿಡಿಯುತ್ತದೆ.

ಕಾರ್ಟ್ರಿಜ್ ಬಣ್ಣವೂ ಒಂದು ಸುಳಿವು. ಸಾಮಾನ್ಯವಾಗಿ ಬೂದು ಬಣ್ಣದ್ದು ಕಪ್ಪು-ಬಿಳುಪಿನ ಆಟ, ಕಪ್ಪು ಬಣ್ಣದ್ದು ಹಳೆಯ ಯಂತ್ರದಲ್ಲೂ ನಡೆದು ಕಲರ್‌ನಲ್ಲಿ ಬಣ್ಣ ತೋರಿಸುವಂಥದ್ದು, ಪಾರದರ್ಶಕವಾದದ್ದು ಕಲರ್‌ಗೆ ಮಾತ್ರ. ಲಿಂಕ್ಸ್ ಅವೇಕನಿಂಗ್ ಡಿಎಕ್ಸ್ ಕಪ್ಪು ಬಗೆಯದು. ಆದರೆ ಅದರಲ್ಲಿ ಹೊಸದಾಗಿ ಸೇರಿಸಿದ ಬಣ್ಣದ ನೆಲಮಾಳಿಗೆಗೆ ಹೋಗಲು ಬಣ್ಣದ ಯಂತ್ರವೇ ಬೇಕು. ಎಸ್‌ಪಿಯಲ್ಲಿ ಹಳೆಯ ಆಟ ಆಡುವಾಗ ಚಿತ್ರ ಅಡ್ಡಕ್ಕೆ ಹಿಗ್ಗಿ ಎಲ್ಲರೂ ದಪ್ಪಗಾದರೆ ಗಾಬರಿ ಬೇಡ, ಕೈತಪ್ಪಿ ಆರ್ ಗುಂಡಿ ಒತ್ತಿದ್ದೀರಿ. ಎಲ್ ಒತ್ತಿದರೆ ಮೊದಲಿನಂತಾಗುತ್ತದೆ. ಕಪ್ಪು-ಬಿಳುಪಿನ ಆಟಕ್ಕೆ ಯಂತ್ರ ತಾನೇ ಹಚ್ಚುವ ಬಣ್ಣ ಹಿಡಿಸದಿದ್ದರೆ, ಶುರುವಿನಲ್ಲಿ ಹೆಸರು ಕಾಣುವಾಗಲೇ ಎಡ ಬಾಣ ಮತ್ತು ಬಿ ಒಟ್ಟಿಗೆ ಒತ್ತಿ, ಬೂದು ಛಾಯೆಗಳು ಬರುತ್ತವೆ.

ನಕಲಿ ಕಾರ್ಟ್ರಿಜ್‌ಗಳ ಕಾಟ ವಿಪರೀತ, ಪೊಕೆಮಾನ್‌ನಲ್ಲಂತೂ ಕೇಳಲೇಬೇಡಿ. ಅಸಲಿ ಅಡ್ವಾನ್ಸ್ ಕಾರ್ಟ್ರಿಜ್‌ನ ಲೇಬಲ್ ಮೇಲೆ ಎರಡಂಕಿಯ ಸಂಖ್ಯೆಯೊಂದು ಒತ್ತಿದ ಗುರುತಾಗಿ ಇರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಕೆಳಗಿನ ಸಂದಿಯಲ್ಲಿ, ಪಿನ್‌ಗಳ ಮೇಲ್ಗಡೆ ಸರ್ಕ್ಯೂಟ್ ಬೋರ್ಡ್‌ನಲ್ಲಿ ನಿಂಟೆಂಡೊ ಎಂದು ಅಚ್ಚಾಗಿರುತ್ತದೆ. ನಕಲಿಯಲ್ಲಿ ಆಟ ನಡೆಯುತ್ತದೆ, ಆದರೆ ಹತ್ತಾರು ಗಂಟೆ ಆಡಿದ ಮೇಲೆ ಸೇವ್ ಮಾಯವಾಗುವುದೇ ದೊಡ್ಡ ಅಪಾಯ.

ಅಸಲಿಯಾದರೂ ಬ್ಯಾಟರಿ ಪ್ರಶ್ನೆ ಇದ್ದೇ ಇದೆ. ಹಳೆಯ ಗೇಮ್ ಬಾಯ್ ಕಾಲದ ಕಾರ್ಟ್ರಿಜ್‌ನಲ್ಲಿ ಸೇವ್ ಉಳಿಯುವುದು ಒಳಗಿನ ನಾಣ್ಯದಂಥ 3 ವೋಲ್ಟ್ ಸೆಲ್‌ನ ಬಲದಿಂದ. ಅದು ಸತ್ತರೆ ಆಟ ಎಂದಿನಂತೆ ನಡೆಯುತ್ತದೆ, ಸೇವ್ ಮಾತ್ರ ಉಳಿಯುವುದಿಲ್ಲ. ಪೊಕೆಮಾನ್ ಗೋಲ್ಡ್, ಸಿಲ್ವರ್‌ನಲ್ಲಿ ಅದೇ ಸೆಲ್ ಗಡಿಯಾರವನ್ನೂ ಓಡಿಸುವುದರಿಂದ ಬೇಗ ಬರಿದಾಗುತ್ತದೆ. ಅಡ್ವಾನ್ಸ್‌ನ ಪೊಕೆಮಾನ್ ರೂಬಿ, ಸಫೈರ್, ಎಮರಾಲ್ಡ್‌ನಲ್ಲಿ ಸೆಲ್ ಇರುವುದು ಗಡಿಯಾರಕ್ಕೆ ಮಾತ್ರ, ಅಲ್ಲಿ ಸೆಲ್ ಸತ್ತರೂ ಸೇವ್ ಉಳಿಯುತ್ತದೆ.

ಸೆಲ್ ಬದಲಿಸಲು 3.8 ಮಿಲಿಮೀಟರ್‌ನ ಗೇಮ್‌ಬಿಟ್ ಸ್ಕ್ರೂಡ್ರೈವರ್ (ಕಾರ್ಟ್ರಿಜ್‌ನ ವಿಶೇಷ ಸ್ಕ್ರೂಗೆ ಹೊಂದುವಂಥದ್ದು), ಬೆಸುಗೆ ಕೋಲು, ಮತ್ತು ಬೆಸೆಯಲು ಬೇಕಾದ ಲೋಹದ ಕಾಲುಪಟ್ಟಿ ಮೊದಲೇ ಅಂಟಿಸಿ ಬರುವ ಸೆಲ್ ಬೇಕು. ಹಳೆಯ ಸೆಲ್ ಮೇಲಿರುವ ಸಂಖ್ಯೆಯನ್ನೇ ನೋಡಿ ತನ್ನಿ. ಬರಿ ಸೆಲ್ ಮೇಲೆ ನೇರವಾಗಿ ಬೆಸೆಯಲು ಹೋದರೆ ಶಾಖಕ್ಕೆ ಅದು ಸಿಡಿಯಬಹುದು. ಟೇಪ್ ಸುತ್ತಿ ಹಿಡಿಸುವ ಉಪಾಯವೂ ಬೇಡ, ಕಾರ್ಟ್ರಿಜ್ ಒಮ್ಮೆ ಕೆಳಗೆ ಬಿದ್ದರೆ ಸಂಪರ್ಕ ತಪ್ಪಿ ಸೇವ್ ಅಳಿಸುತ್ತದೆ. ಹಳೆಯ ಸೆಲ್ ಕಿತ್ತ ಕೂಡಲೇ ಇದ್ದ ಸೇವ್ ಹೋಗುತ್ತದೆ, ಬೇಕಿದ್ದರೆ ಮೊದಲೇ ಕಾರ್ಟ್ರಿಜ್ ರೀಡರ್‌ನಿಂದ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ.

ಇಷ್ಟೆಲ್ಲ ಉಸಾಬರಿ ಬೇಡ ಅನ್ನಿಸಿದರೆ ಎಮ್ಯುಲೇಟರ್ ಸಾಧನದಲ್ಲಿ ಕೀಳೇನಿಲ್ಲ. ಅಲ್ಲಿ ನೋಡಬೇಕಾದ್ದು ಪ್ರೊಸೆಸರ್ ಅಲ್ಲ, ಸ್ಕ್ರೀನ್‌ನ ಲೆಕ್ಕ. ಗೇಮ್ ಬಾಯ್ ಚಿತ್ರ 160×144 ಚುಕ್ಕೆಗಳದು (ಪಿಕ್ಸೆಲ್), ಅಡ್ವಾನ್ಸ್‌ನದು 240×160. 640×480ರ ಸ್ಕ್ರೀನ್‌ನಲ್ಲಿ ಗೇಮ್ ಬಾಯ್ ಚಿತ್ರ ಸರಿಯಾಗಿ ಮೂರು ಪಟ್ಟು ಕೂರುತ್ತದೆ, ಸುತ್ತ ಸ್ವಲ್ಪ ಕಪ್ಪು ಅಂಚು. ಅಡ್ವಾನ್ಸ್ ಚಿತ್ರವನ್ನು ಅದರಲ್ಲಿ ಅಗಲ ತುಂಬುವಂತೆ ಹಿಗ್ಗಿಸಿದರೆ 2.67 ಪಟ್ಟಾಗಿ, ಕೆಲವು ಚುಕ್ಕೆಗಳು ದಪ್ಪ ಕೆಲವು ಸಣ್ಣ ಆಗಿ, ಪರದೆ ಸರಿಯುವಾಗ ನೀರಲೆಯಂತೆ ಅದುರುತ್ತದೆ. ಅಡ್ವಾನ್ಸ್ ಆಟಗಳೇ ಹೆಚ್ಚು ಎಂದಾದರೆ 720×480 ಸ್ಕ್ರೀನ್ ಇರುವುದನ್ನು ಹುಡುಕಿ, ಅಂಚಿಲ್ಲದೆ ಮೂರು ಪಟ್ಟು. ಕಾರ್ಟ್ರಿಜ್ಜೂ ಇರಬೇಕು, ಹೊಸ ಸ್ಕ್ರೀನೂ ಬೇಕು ಎನ್ನುವವರಿಗೆ ಅನಲಾಗ್ ಪಾಕೆಟ್ ಇದೆ. ಅದರ 1600×1440 ಸ್ಕ್ರೀನ್ ಗೇಮ್ ಬಾಯ್‌ನ ಹತ್ತು ಪಟ್ಟು. ಈಗಾಗಲೇ ನಿಂಟೆಂಡೊದ ಸ್ವಿಚ್ ಎಂಬ ಗೇಮ್ ಯಂತ್ರ ಇದ್ದರೆ ಅದರ ಆನ್‌ಲೈನ್ ಚಂದಾದಲ್ಲಿ ಲಿಂಕ್ಸ್ ಅವೇಕನಿಂಗ್ ಡಿಎಕ್ಸ್ ಆಡಬಹುದು, ಬೇರೆ ಯಂತ್ರವೇ ಬೇಡ. ಅಂತರ್ಜಾಲದಲ್ಲಿ ಸಿಗುವ ಆಟದ ಫೈಲ್‌ಗಳು ಹಕ್ಕುಸ್ವಾಮ್ಯ ಮೀರಿದವು, ಸಾಧನದೊಳಗೆ ಸಾವಿರಾರು ಆಟ ತುಂಬಿ ಕೊಟ್ಟಿದ್ದರೂ ಅಷ್ಟೆ.

ಎಸ್‌ಪಿ, ಡಿಎಕ್ಸ್ ಎರಡೂ ಕೈಸೇರಿದ ದಿನ ಗಂಟೆಗಟ್ಟಲೆ ಆಡಬೇಡಿ. ಹೆಸರು ಬರೆದು ಆಟ ಶುರುಮಾಡಿ, ಕಡಲತೀರದಲ್ಲಿ ಕತ್ತಿ ಸಿಗುವವರೆಗೆ ಹೋಗಿ. ಎ, ಬಿ, ಸ್ಟಾರ್ಟ್, ಸೆಲೆಕ್ಟ್ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಸೇವ್ ಪಟ್ಟಿ ಬರುತ್ತದೆ. (ಈ ಅಭ್ಯಾಸವನ್ನು ಪೊಕೆಮಾನ್‌ಗೆ ಒಯ್ಯಬೇಡಿ, ಅಲ್ಲಿ ಅದೇ ನಾಲ್ಕು ಗುಂಡಿ ಆಟವನ್ನು ರೀಸೆಟ್ ಮಾಡುತ್ತವೆ.) ಸೇವ್ ಮಾಡಿ, ಆಫ್ ಮಾಡಿ, ಕಾರ್ಟ್ರಿಜ್ ಹೊರತೆಗೆದು ರಾತ್ರಿಯಿಡೀ ಬಿಡಿ. ಬೆಳಗ್ಗೆ ನಿಮ್ಮ ಹೆಸರು ಅಲ್ಲೇ ಇದ್ದರೆ ಸೆಲ್ ಇನ್ನೂ ಜೀವಂತ, ನಿಶ್ಚಿಂತೆಯಿಂದ ಮುಂದುವರಿಸಿ. ಇಲ್ಲದಿದ್ದರೆ ಸೆಲ್ ಬದಲಿಸುವವರೆಗೆ ಮುಂದೆ ಹೋಗಬೇಡಿ.