ಓದುಗರ ಪ್ರಶ್ನೆ: ಹಾಕಿದ ಹಣ ಬಂದ ಮೇಲೂ ಟೋಲ್ ಏಕೆ?

ಪ್ರಶ್ನೆ: ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯ ಟೋಲ್ ವಸೂಲಿ ಹಕ್ಕಿಗೆ 2004ರಲ್ಲಿ ಗುತ್ತಿಗೆದಾರರು ಕೊಟ್ಟದ್ದು 918 ಕೋಟಿ ರೂಪಾಯಿ. ವಸೂಲಿ ಅದನ್ನು ದಾಟಿದ ದಿನದಿಂದ ಮುಂದಿನದೆಲ್ಲ ಲೂಟಿ ಎಂದು ನಮ್ಮ ಸೊಸೈಟಿಯ ಗೆಳೆಯರು ವಾದಿಸುತ್ತಾರೆ. ಇದು ಸರಿಯೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ತಮ್ಮ ಗೆಳೆಯರ ಸಿಟ್ಟಿಗೆ ಕಾರಣವಿಲ್ಲವೆನ್ನಲಾರೆ, ಆದರೆ ಅವರ ಲೆಕ್ಕದಲ್ಲಿ ಬಡ್ಡಿಯೇ ಇಲ್ಲ. ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮಕ್ಕೆ ಮುಂಗಡವಾಗಿ ಸಂದ ಆ ಹಣವು 15 ವರ್ಷಗಳ ಹಕ್ಕಿನ ಬೆಲೆಯಾಗಿತ್ತು. ವರ್ಷಕ್ಕೆ ಶೇ. 12ರ ಪ್ರತಿಫಲವನ್ನು ಉದಾಹರಣೆಗಾಗಿ ಇಟ್ಟುಕೊಂಡರೆ, 918 ಕೋಟಿಯನ್ನು ಸಮ ಕಂತುಗಳಲ್ಲಿ ಮರಳಿ ಪಡೆಯಲು ವರ್ಷಕ್ಕೆ ಸುಮಾರು 135 ಕೋಟಿ, ಅಂದರೆ 15 ವರ್ಷಗಳಲ್ಲಿ 2,000 ಕೋಟಿಗೂ ಮಿಕ್ಕ ಹಣ ಬೇಕಾಗುತ್ತದೆ. ನಿರ್ವಹಣೆ, ಸಿಬ್ಬಂದಿ, ತೆರಿಗೆ, ಕೆಲವು ವರ್ಷಗಳಿಗೊಮ್ಮೆ ಒಮ್ಮೆಲೇ ಎರಗುವ ಡಾಂಬರೀಕರಣದ ಖರ್ಚು, ಇವೆಲ್ಲ ಅದರ ಮೇಲೆ.

ಹಾಗೆಂದು ಗುತ್ತಿಗೆದಾರರಿಗೆ ಹೆಚ್ಚು ಸಿಕ್ಕಿಲ್ಲವೆಂದು ಇದರಿಂದ ಸಾಬೀತಾಗುವುದಿಲ್ಲ. ಬಡ್ಡಿಯ ಗಣಿತವನ್ನು ಯಾವ ಕಂಪ್ಯೂಟರೂ ಮಾಡೀತು; ಇಂಥ ಯೋಜನೆಯ ಆರ್ಥಿಕ ಮಾದರಿ (ಮುಂದಿನ ವರ್ಷಗಳ ಆದಾಯ–ಖರ್ಚಿನ ಲೆಕ್ಕ) ನಿಂತಿರುವುದು ಅಥವಾ ಕುಸಿಯುವುದು ವಾಹನಗಳ ಅಂದಾಜಿನ ಮೇಲೆ. ಕಾರು, ಬಸ್ಸು, ಲಾರಿ, ಬಹುಅಚ್ಚಿನ ಟ್ರಕ್ಕುಗಳ ದರ ಬೇರೆಬೇರೆಯಾದ್ದರಿಂದ ಒಟ್ಟು ಸಂಖ್ಯೆಗಿಂತ ಅವುಗಳ ಪ್ರಮಾಣವೇ ಮುಖ್ಯ. ದರ ಏರಿದಾಗ ಎಷ್ಟು ಮಂದಿ ಖಂಡಾಳದ ಹಳೆಯ ಹೆದ್ದಾರಿಗೆ ಹೊರಳುತ್ತಾರೆ ಎಂಬುದನ್ನೂ ಅಂದಾಜಿಸಬೇಕು. ಇಲ್ಲಿ ದರ ಮೂರು ವರ್ಷಗಳಿಗೊಮ್ಮೆ ಶೇ. 18ರಷ್ಟು ಏರುತ್ತದೆಂದು ಸರ್ಕಾರದ ಅಧಿಸೂಚನೆಯಿಂದ ಮೊದಲೇ ಗೊತ್ತಿತ್ತು. 2023ರ ಏಪ್ರಿಲ್‌ನಲ್ಲಿ ಕಾರಿನ ದರ 270ರಿಂದ 320 ರೂಪಾಯಿಗೆ ಏರಿದ್ದು ಹಾಗೆಯೇ. ವಾಹನಗಳ ಸಂಖ್ಯೆಗೆ ಮಾತ್ರ ಅಂಥ ಅಧಿಸೂಚನೆಯಿಲ್ಲ!

ಸರ್ಕಾರದ ಮನಸ್ಸಿಗೂ ಇಲ್ಲ. ಮುಂಬಯಿಯ ಐದು ಪ್ರವೇಶ ನಾಕೆಗಳಲ್ಲಿ 2024ರ ಅಕ್ಟೋಬರ್‌ನಲ್ಲಿ ಲಘು ವಾಹನಗಳಿಗೆ ಟೋಲ್ ಮನ್ನಾ ಆಯಿತು. ಕಾರಿನವರಿಗೆ ಸಂತೋಷವೇ, ಆದರೆ ಅಂಥ ಮನ್ನಾದಿಂದ ಕರಾರಿನ ಆದಾಯ ತಗ್ಗಿದರೆ ಪರಿಹಾರದ ಹೊರೆ ಬೊಕ್ಕಸಕ್ಕೆ, ಎಂದರೆ ಆ ನಾಕೆಯನ್ನು ಕಂಡೇ ಇರದವರಿಗೂ ತಟ್ಟುತ್ತದೆ.

ಆದ್ದರಿಂದ ನಿಮ್ಮ ಗೆಳೆಯರು ಕೇಳಬೇಕಾದದ್ದು ಬೇರೆ: ಅಂದಾಜು ಮೀರಿ ಬಂದ ಆದಾಯ ಯಾರಿಗೆ ಸೇರುತ್ತದೆ? ರಾಷ್ಟ್ರೀಯ ಹೆದ್ದಾರಿಗಳ ಮಾದರಿ ಬಿಓಟಿ (ಖಾಸಗಿಯವರು ಕಟ್ಟಿ, ನಡೆಸಿ, ಅವಧಿ ಮುಗಿದಾಗ ಸರ್ಕಾರಕ್ಕೆ ಒಪ್ಪಿಸುವ) ಕರಾರಿನಲ್ಲಿ ವಾಹನಗಳು ಗುರಿಗಿಂತ ಹೆಚ್ಚಿದರೆ ಅವಧಿಯನ್ನು ಮೊಟಕುಗೊಳಿಸುವ, ಕಡಿಮೆಯಾದರೆ ವಿಸ್ತರಿಸುವ ಕಲಮು ಉಂಟು. ಮುಂಗಡಕ್ಕೆ ಹಕ್ಕು ಕೊಡುವ ಕರಾರುಗಳಲ್ಲಿಯೂ ಹೆಚ್ಚುವರಿ ಆದಾಯದ ಪಾಲು ಸರ್ಕಾರಕ್ಕೆ ಬರುವಂತಿರಬೇಕೆಂಬುದು ನನ್ನ ಅಭಿಪ್ರಾಯ. 2020ರಲ್ಲಿ ಇದೇ ರಸ್ತೆಯ ಹಕ್ಕು ಹತ್ತು ವರ್ಷಗಳಿಗೆ ತುಸು ಮಿಕ್ಕ ಅವಧಿಗೆ 8,262 ಕೋಟಿಗೆ ಹೋದುದನ್ನು ನೋಡಿದರೆ, ಈ ಪ್ರಶ್ನೆಯ ತೂಕ ತಿಳಿಯುತ್ತದೆ.

ಪ್ರಶ್ನೆ: ನಿವೃತ್ತಿಯ ಹಣವನ್ನು ರಸ್ತೆಗಳ ಇನ್ವಿಟ್‌ನಲ್ಲಿ (ಹಲವರ ಹಣ ಕೂಡಿಸಿ ಟೋಲ್ ರಸ್ತೆಗಳಲ್ಲಿ ಹೂಡಿ, ಆದಾಯ ಹಂಚುವ ಟ್ರಸ್ಟ್‌ನಲ್ಲಿ) ಇಡಬಹುದೇ? ಎಫ್‌ಡಿಗಿಂತ ಹೆಚ್ಚು ಬರುತ್ತದೆಯಂತೆ.
— ಓದುಗರೊಬ್ಬರು, ಪುಣೆ

ಉತ್ತರ: ಎಲ್ಲವನ್ನೂ ಇಡಬೇಡಿ. ವಿತರಣೆಗೆ ಲಭ್ಯವಾದ ನಗದಿನಲ್ಲಿ ಕನಿಷ್ಠ ಶೇ. 90ರಷ್ಟನ್ನು ಹಂಚಬೇಕೆಂಬ, ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಿಂದ ಕೈಗೆ ಬರುವ ಮೊತ್ತ ದೊಡ್ಡದಾಗಿಯೇ ಕಾಣುತ್ತದೆ, ಆದರೆ ಟೋಲ್ ಹಕ್ಕಿಗೆ ಕೊನೆಯ ದಿನಾಂಕವಿರುವುದರಿಂದ ಅದರಲ್ಲೊಂದು ಭಾಗ ನಿಮ್ಮದೇ ಅಸಲು. ಯಾವ ರಸ್ತೆಯ ಹಕ್ಕು ಯಾವ ವರ್ಷ ಮುಗಿಯುತ್ತದೆ ಎಂಬುದನ್ನು ವಾರ್ಷಿಕ ವರದಿಯಲ್ಲಿ ನೋಡದೆ ಸಹಿ ಹಾಕಬೇಡಿ.