ಮೊದಲು ಪ್ಲೇಯರಿನ ಮುಳ್ಳು ಕೊಳ್ಳಿ, ಮೂಲಪ್ರತಿಯ ಮಾತು ಆಮೇಲೆ

ಕೊಪ್ಪಳದಲ್ಲಿ ಕುಳಿತು, ಚರಣ್‌ಜಿತ್ ಸಿಂಗ್ ಅವರು ಸಿಂಥಸೈಜರಿನಲ್ಲಿ ನುಡಿಸಿದ ಹತ್ತು ರಾಗಗಳ ಮೂಲ ಎಲ್‌ಪಿಗೆ, ಅಂದರೆ ಆಗಲೇ ಅಚ್ಚಾದ ಗ್ರಾಮಫೋನ್ ತಟ್ಟೆಗೆ, ಹಣ ಕೂಡಿಸುತ್ತಿದ್ದೇನೆ ಎಂದು ಬರೆದಿದ್ದೀರಿ. ಹೊಸಪೇಟೆಯಲ್ಲಿ ಯಾರೋ ಒಬ್ಬರು ‘ಒಮ್ಮೆಯೂ ಹಾಕದ ಪ್ರತಿ’ ಇದೆ ಎಂದಿದ್ದಾರೆ. ಮೂಲವೋ, ರೀಮಾಸ್ಟರ್ ಆದ (ಧ್ವನಿ ತಿದ್ದಿ ಹೊಸದಾಗಿ ಅಚ್ಚುಹಾಕಿದ) ಮರುಮುದ್ರಣವೋ ಎಂಬುದು ನಿಮ್ಮ ಪ್ರಶ್ನೆ. ಸ್ವಾಮಿ, ದಯವಿಟ್ಟು ಆ ಹಣವನ್ನು ಇನ್ನೂ ಯಾರ ಕೈಗೂ ಕೊಡಬೇಡಿ.

ನಾನು ರಾಯಚೂರಿನವನು, ಹತ್ತಿ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮೂರಿನ ರಂಗಮಂದಿರಕ್ಕೆ ಪಂಡಿತ ಸಿದ್ಧರಾಮ ಜಂಬಲದಿನ್ನಿ ಅವರ ಹೆಸರಿದೆ. ಹಿಂದುಸ್ತಾನಿ ಸಂಗೀತ ಕೇಳುತ್ತ ಬೆಳೆದ ಕಿವಿ ನನ್ನದು. ಅಂಥ ಕಿವಿಗೆ 1982ರಲ್ಲಿ ಮುಂಬೈಯ ಚಿತ್ರಗೀತೆಗಳ ವಾದಕರಾದ ಇದೇ ಸಿಂಗ್ ರೋಲ್ಯಾಂಡ್ ಕಂಪನಿಯ ಟಿಬಿ-303 (ಬೇಸ್ ಸ್ವರದ ಪೆಟ್ಟಿಗೆ), ಟಿಆರ್-808 (ತಾಳದ ಯಂತ್ರ), ಜುಪಿಟರ್-8 (ಸಿಂಥಸೈಜರ್) ಮುಂದಿಟ್ಟುಕೊಂಡು ನುಡಿಸಿದ ಭೈರವ ರಾಗ ಬಿದ್ದರೆ ಏನಾಗಬೇಕು? ಮೊದಲ ಸಲ ಕೋಪ ಬಂದಿತ್ತು. ವಾರ ಕಳೆಯುವುದರಲ್ಲಿ ಅದಿಲ್ಲದೆ ಊಟ ಸೇರದಂತಾಯಿತು. ಷಿಕಾಗೊದ ಹುಡುಗರು ಅದೇ 303 ಪೆಟ್ಟಿಗೆಯಿಂದ ‘ಆ್ಯಸಿಡ್’ ಎಂಬ ನೃತ್ಯಸಂಗೀತದ ರೆಕಾರ್ಡ್ ಹೊರತಂದದ್ದು 1987ರಲ್ಲಿ. ನಮ್ಮವರದು ಅದಕ್ಕೂ ಮೊದಲಿನದು, ಆದರೆ ಆಗ ಯಾರೂ ಕೊಳ್ಳಲಿಲ್ಲ. ಅದಕ್ಕೇ ಮೂಲಪ್ರತಿ ಅಪರೂಪ, ಈಗ ಅದಕ್ಕೆ ಇಷ್ಟು ಬೆಲೆ.

ನನ್ನ ಬಳಿ ಮರುಮುದ್ರಣವಿತ್ತು. ನೆದರ್ಲೆಂಡ್ಸ್‌ನ ಸಂಗ್ರಾಹಕ ಎಡೋ ಬೌಮನ್ ತಮ್ಮ ಬಾಂಬೆ ಕನೆಕ್ಷನ್ ಎಂಬ ರೆಕಾರ್ಡ್ ಕಂಪನಿಯಿಂದ 2010ರಲ್ಲಿ ಹೊರತಂದದ್ದು. ಚೆನ್ನಾಗಿಯೇ ಇತ್ತು. ಆದರೆ ಎಚ್‌ಎಂವಿಯ ಹಳೆಯ ಲೇಬಲ್ ಇರುವ ತಟ್ಟೆ ನನ್ನ ಶಹಾಬಾದ್ ಕಲ್ಲಿನ ಗೂಡಿನಲ್ಲಿ ನಿಲ್ಲಬೇಕು ಎಂಬ ಹುಚ್ಚು ಹತ್ತಿತು. ಮುಂಬೈಯ ವ್ಯಾಪಾರಿಯೊಬ್ಬ 38,000 ರೂಪಾಯಿ ಹೇಳಿದ. ‘ಮೂಲವೇ ಬರುವಾಗ ನಕಲು ಯಾಕೆ’ ಎಂದು ಮರುಮುದ್ರಣವನ್ನು ಕಲಬುರಗಿಯ ಹುಡುಗನಿಗೆ ಮಾರಿ, ದೀಪಾವಳಿಗೆ ಬಂದ ಭಕ್ಷೀಸನ್ನೂ ಸೇರಿಸಿ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ.

ಮುಂದಿನದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಎಡವಲಿರುವುದೂ ಇಲ್ಲಿಯೇ. ಅಂಗಡಿಯವನು ತಟ್ಟೆಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತೋರಿಸಿದ. ಒಂದು ಗೀರಿಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ‘ಹಾಕಿ ತೋರಿಸಲೇ?’ ಎಂದು ಅವನೇ ಕೇಳಿದ. ಪಕ್ಕದಲ್ಲಿ ಹಳೆಯ ಸೂಟ್‌ಕೇಸ್ ಮಾದರಿಯ ಪ್ಲೇಯರ್ ಇತ್ತು. ಅದರ ಸೆರಾಮಿಕ್ ಕಾರ್ಟ್ರಿಜ್‌ನ (ತೋಳಿನ ತುದಿಯಲ್ಲಿ ಮುಳ್ಳು ಹಿಡಿದಿರುವ ಹಳೆಯ ಬಗೆಯ ತಲೆಯ) ಮುಳ್ಳು ನಾಲ್ಕೈದು ಗ್ರಾಂ ಭಾರದಲ್ಲಿ ಗೆರೆಯ ಮೇಲೆ ಕೂರುತ್ತದೆ, ನನ್ನ ಮನೆಯದು ಎರಡು ಗ್ರಾಂ. ಇಷ್ಟು ಹಣ ಕೊಡುವ ತಟ್ಟೆಯನ್ನು ಆ ಮುಳ್ಳು ಮುಟ್ಟಬಾರದು ಎಂದುಕೊಂಡು ‘ಬೇಡ ಬೇಡ’ ಎಂದುಬಿಟ್ಟೆ. ಅಂಥ ಮುಳ್ಳು ಹಾಳುಮಾಡುತ್ತದೆ ಎಂದು ತಿಳಿದಿದ್ದವನಿಗೆ, ಮೂವತ್ತಕ್ಕೂ ಹೆಚ್ಚು ವರ್ಷ ಆ ತಟ್ಟೆ ಎಂಥ ಮುಳ್ಳಿನ ಕೆಳಗೆ ತಿರುಗಿರಬಹುದು ಎಂಬ ಯೋಚನೆ ಮಾತ್ರ ಹೊಳೆಯಲಿಲ್ಲ!

ಮನೆಗೆ ಬಂದು ಹಾಕಿದರೆ, ಮೊದಲ ರಾಗ ಪರವಾಗಿಲ್ಲ ಎನ್ನುವಂತಿತ್ತು. ಬದಿ ಮುಗಿಯುತ್ತ ಬಂದಂತೆ 808ರ ಹೈ-ಹ್ಯಾಟ್ (ಕಂಚಿನ ತಾಳದಂಥ ಸದ್ದು) ‘ಚಿಕ್ ಚಿಕ್’ ಎನ್ನುವ ಬದಲು ಹರಿದ ಸ್ಪೀಕರಿನಂತೆ ‘ಛರ್ ಛರ್’ ಎಂದಿತು. 303ರ ಮೊನಚು ಹೋಗಿತ್ತು. ಧೂಳಿರಬೇಕೆಂದು ತೊಳೆದೆ. ಚಟಚಟ ಸದ್ದು ಹೋಯಿತು, ಛರ್ ಎನ್ನುವುದು ಉಳಿಯಿತು. ನಮ್ಮೂರಿನ ತೀನ್ ಕಂದಿಲ್ ಹತ್ತಿರ ಮದುವೆ, ಜಾತ್ರೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ಅವರಿಗೆ ಕೇಳಿಸಿದೆ. ಅರ್ಧ ನಿಮಿಷ ಕೇಳಿ, ‘ತಮ್ಮಾ, ಇದು ನೂರು ಮದುವೆ ಕಂಡ ಪ್ಲೇಟು’ ಎಂದರು.

ಕಣ್ಣಿಗೆ ಕಾಣುವುದು ಗೀರು, ಸವೆತ ಕಾಣುವುದಿಲ್ಲ. ಭಾರದ ಮುಳ್ಳು, ಅದರಲ್ಲೂ ಬದಲಾಯಿಸದೆ ಮೊಂಡಾದ ಮುಳ್ಳು, ಗೆರೆಯ ಗೋಡೆಗಳಲ್ಲಿರುವ ಅತಿ ಸಣ್ಣ ಅಲೆಗಳನ್ನು ಉಜ್ಜಿಹಾಕುತ್ತದೆ. ಆ ಸಣ್ಣ ಅಲೆಗಳೇ ಎತ್ತರದ ಸ್ವರಗಳು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸರಿಯುತ್ತದೆ, ಲೇಬಲ್ ಹತ್ತಿರ ಸುಮಾರು 20 ಸೆಂಟಿಮೀಟರ್ ಮಾತ್ರ. ಅಷ್ಟೇ ಸದ್ದು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕುಳಿತಿರುವುದರಿಂದ ಒಳಗಿನ ಹಾಡು ಮೊದಲು ಕೆಡುತ್ತದೆ. ಶಹನಾಯಿಯ ರೆಕಾರ್ಡ್ ಸವೆದರೂ ಒಂದಿಷ್ಟು ಸಹಿಸಿಕೊಳ್ಳಬಹುದು. ಯಂತ್ರದ ತಾಳವೇ ಜೀವವಾಗಿರುವ ಸಿಂಥ್ ರೆಕಾರ್ಡಿನಲ್ಲಿ ಆ ಮೊನಚು ಹೋದರೆ ಉಳಿಯುವುದೇನು? ಅಂಗಡಿಯಲ್ಲಿ ಕೊನೆಯ ರಾಗದ ಕೊನೆಯ ಒಂದು ನಿಮಿಷ ಕೇಳಿದ್ದರೆ ಸಾಕಿತ್ತು. ಒಂದು ನಿಮಿಷಕ್ಕೆ ಆ ಮುಳ್ಳು ಮಾಡುವ ಹಾನಿ ನನಗಾದ ನಷ್ಟದ ಮುಂದೆ ಏನೂ ಅಲ್ಲ. ಕಲಬುರಗಿಯ ಹುಡುಗ ಮರುಮುದ್ರಣವನ್ನು ವಾಪಸ್ ಕೊಡಲೊಪ್ಪಲಿಲ್ಲ. ಅವನಿಗೆ ಮಾರಿದ್ದಕ್ಕಿಂತ ಹೆಚ್ಚು ಬೆಲೆಗೆ ಬೇರೆ ಕಡೆಯಿಂದ ಇನ್ನೊಂದು ಮರುಮುದ್ರಣ ತರಿಸಿದೆ. ನಾನು ಈಗ ಕೇಳುವುದು ಅದನ್ನೇ.

ಹಾಗಾಗಿ ‘ಮೂಲವೋ, ಮರುಮುದ್ರಣವೋ’ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ನಿಮ್ಮ ಪ್ಲೇಯರ್ ಯಾವುದು ಎಂದು ನೀವು ಬರೆದೇ ಇಲ್ಲ. ಸೂಟ್‌ಕೇಸ್ ಪ್ಲೇಯರ್ ಆಗಿದ್ದರೆ ಮೂಲವಾಗಲಿ ಮರುಮುದ್ರಣವಾಗಲಿ ಎರಡೂ ಅದರ ಕೆಳಗೆ ಒಂದೇ ರೀತಿ ಹಾಳಾಗುತ್ತವೆ. ಭಾರ ಹೊಂದಿಸಲು ಬರುವ ತೋಳು, ಒಂದು ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್, ಇವುಗಳಿಗೆ ಮೊದಲು ಹಣ ಹಾಕಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲು ನಿಮಗೆ ಗೊತ್ತೇ ಇದೆ. ತಗಡಿನ ಚಾವಣಿಯ ಕೋಣೆಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ಎಲ್‌ಪಿ ಇಟ್ಟು ಹಪ್ಪಳ ಮಾಡಿಕೊಳ್ಳಬೇಡಿ.

ಬೆಲೆ ಏರುತ್ತದೆ, ಹೂಡಿಕೆಯಾಗುತ್ತದೆ ಎಂದೂ ಬರೆದಿದ್ದೀರಿ. ಹೂಡಿಕೆ ಬೇಕಿದ್ದರೆ ಸಿಂಧನೂರಿನ ಕಡೆ ಭತ್ತದ ಗದ್ದೆ ನೋಡಿ. ಹಳೆಯ ತಟ್ಟೆ ಕೈ ಬದಲಾದಾಗ ಹಣ ವ್ಯಾಪಾರಿಗೆ ಹೋಗುತ್ತದೆ, ನುಡಿಸಿದವರಿಗೆ ಬಿಡಿಗಾಸೂ ಇಲ್ಲ. ಮರುಮುದ್ರಣ ಬಂದ ಮೇಲೆಯೇ ಸಿಂಗ್ ಅವರನ್ನು ಯುರೋಪಿನ ವೇದಿಕೆಗಳು ಕರೆದದ್ದು, ಅದೂ ಎಪ್ಪತ್ತು ದಾಟಿದ ಮೇಲೆ. 2015ರಲ್ಲಿ ತೀರಿಕೊಳ್ಳುವ ಮೊದಲು ಒಂದಿಷ್ಟು ಚಪ್ಪಾಳೆಯನ್ನಾದರೂ ಕೇಳಿಸಿಕೊಂಡರು. ಗಾಯಕಿ ರೂಪಾ ಬಿಸ್ವಾಸ್ ಅವರ 1982ರ ‘ಡಿಸ್ಕೋ ಜಾಝ್’ ಕೂಡ ಹಾಗೆಯೇ. ಅಮೆರಿಕದ ರೆಕಾರ್ಡ್ ಕಂಪನಿ ನ್ಯೂಮೆರೋ ಗ್ರೂಪ್ ಅದನ್ನು 2019ರಲ್ಲಿ ಅವರೊಡನೆ ಒಪ್ಪಂದ ಮಾಡಿಕೊಂಡೇ ಮತ್ತೆ ತಂದಿತು.

ಹಾಗೆಂದು ಕವರಿನ ಮೇಲೆ ‘ರೀಮಾಸ್ಟರ್’ ಎಂದು ಅಚ್ಚಾಗಿದ್ದರೆ ಕಣ್ಣು ಮುಚ್ಚಿ ಕೊಳ್ಳಬೇಡಿ. ಮೂಲ ಟೇಪಿನಿಂದ ಮಾಡಿದ್ದೋ, ಯಾವುದೋ ಸವೆದ ಎಲ್‌ಪಿಯಿಂದ ಎತ್ತಿದ್ದೋ ಎಂದು ವಿಚಾರಿಸಿ. ಸಣ್ಣ ಸದ್ದು, ದೊಡ್ಡ ಸದ್ದು ಎಲ್ಲವನ್ನೂ ಒಂದೇ ಮಟ್ಟಕ್ಕೆ ಎತ್ತಿ ಕಿವಿಗಡಚಿಕ್ಕುವಂತೆ ಮಾಡಿದವೂ ಇವೆ, ಮೊಬೈಲಿನಲ್ಲಿ ಎರಡು ಹಾಡು ಕೇಳಿದರೆ ತಿಳಿಯುತ್ತದೆ. ಮೂಲಪ್ರತಿ ಕೊಳ್ಳುವ ಆಸೆ ತಡೆಯದಿದ್ದರೆ, ಮರುಮುದ್ರಣವನ್ನೇ ಕಾಣದ ಎಂಬತ್ತರ ದಶಕದ ವಾದ್ಯಸಂಗೀತದ ಎಲ್‌ಪಿಗಳು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತವೆ. ಅವುಗಳ ಮೇಲೆ ಕೈ ಪಳಗಿಸಿಕೊಳ್ಳಿ.

ಇನ್ನು ಆ ಹೊಸಪೇಟೆಯ ಪ್ರತಿ. ಹೋಗುವುದೇ ಆದರೆ ಹಣ ಒಯ್ಯಬೇಡಿ. ತಟ್ಟೆಯ ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಸಣ್ಣ ಸಣ್ಣ ಗೆರೆಗಳಿವೆಯೇ ನೋಡಿ. ಪ್ಲೇಯರಿನ ಕಂಬಿಗೆ ತಡಕಾಡಿ ಕೂರಿಸುವಾಗ ಅವು ಬೀಳುತ್ತವೆ, ಹಾಕದ ಪ್ರತಿಯಲ್ಲಿ ಇರುವುದಿಲ್ಲ. ಆಮೇಲೆ ಎರಡೂ ಬದಿಗಳ ಕೊನೆಯ ರಾಗ ಹಾಕಿಸಿ. ‘ಹಾಕಿದರೆ ಬೆಲೆ ಇಳಿಯುತ್ತದೆ’ ಎಂದು ಅವರು ಹಟ ಹಿಡಿದರೆ ನಮಸ್ಕಾರ ಹೇಳಿ ಕೊಪ್ಪಳದ ಬಸ್ ಹತ್ತಿ.